ಲಾಭದ ವರ್ಷಕ್ಕೂ ಬೇಕು ಪ್ರತಿಕ್ರಮಣ

ನಡುವಿನ ಇಪ್ಪತ್ತೆರಡು ತೀರ್ಥಂಕರರ ಕಾಲದ ಮುನಿಗಳು ದೋಷ ಘಟಿಸಿದಾಗ ಮಾತ್ರ ಪ್ರತಿಕ್ರಮಣ ಮಾಡುತ್ತಿದ್ದರು. ಆದಿನಾಥರ ಮತ್ತು ಮಹಾವೀರರ ಶಾಸನದಲ್ಲಾದರೋ ದೋಷ ಘಟಿಸಿರಲಿ, ಬಿಡಲಿ, ಅದು ನಿತ್ಯಕರ್ತವ್ಯ ಎಂದು ಮೂಲಾಚಾರವು ಹೇಳುತ್ತದೆ. ಅದು ಕೊಡುವ ಕಾರಣವೂ ಮನನೀಯ. ನಡುವಿನವರು ದೃಢಬುದ್ಧಿಗಳು, ಏಕಾಗ್ರಚಿತ್ತರು. ಮೊದಲ ಮತ್ತು ಕೊನೆಯ ಕಾಲದವರು ಚಂಚಲಚಿತ್ತರು. ಆದ್ದರಿಂದಲೇ ಮಹಾವೀರರ ಅನುಯಾಯಿಗಳಿಗೆ ದೈವಸಿಕ, ರಾತ್ರಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಎಂಬ ಕಾಲನಿಯಮಗಳು ವಿಹಿತವಾದವು.

ಇಂದಿನ ವ್ಯಾಪಾರಸಂಸ್ಥೆಗಳೂ ಚಂಚಲಚಿತ್ತರ ಸಾಲಿಗೇ ಸೇರಿದವು. ಆದರೂ ಅವುಗಳಲ್ಲಿ ಬಹುಪಾಲು ಹಿಂದಿರುಗಿ ನೋಡುವುದು ನಷ್ಟವಾದಾಗ ಮಾತ್ರ. ಲಾಭ ತಂದ ನಿರ್ಣಯವನ್ನು ಯಾರೂ ಪ್ರಶ್ನಿಸುವುದಿಲ್ಲ.

ನಮ್ಮ ಬಿಡದಿಯಲ್ಲೂ ಕಾರ್ಖಾನೆಯುಳ್ಳ ಜಪಾನಿನ ಟೊಯೋಟಾ ಸಂಸ್ಥೆಯ ಇತಿಹಾಸ ಇಲ್ಲಿ ವಿಚಾರಾರ್ಹ. ಅದರ ಮೂಲಪುರುಷ ಸಾಕಿಚಿ ಟೊಯೋಡಾ ರೂಪಿಸಿದ ಮಗ್ಗವು ನೂಲು ಕಡಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಮುಂದೆ ಕಾರಿನ ಕಾರ್ಖಾನೆಯಲ್ಲಿ, ದೋಷ ಕಂಡ ಕಾರ್ಮಿಕನು ಹಗ್ಗವೆಳೆದು ಇಡೀ ಸಾಲನ್ನೇ ನಿಲ್ಲಿಸಬಲ್ಲ ಪದ್ಧತಿ ಬಂತು. ಕೈಗೊಂಡ ಕಾರ್ಯ ಸಫಲವಾದರೂ ‘ಎಲ್ಲಿ ಎಡವಿದೆವು’ ಎಂದು ಕುಳಿತು ವಿಚಾರಿಸುವ ‘ಹಾನ್ಸೈ’ ಎಂಬ ಆತ್ಮಾವಲೋಕನವೂ ಅಲ್ಲಿ ರೂಢಿ. ಇಂಥ ಸಂಸ್ಥೆಯೇ 2008ರಲ್ಲಿ ಮಾರಾಟದಲ್ಲಿ ಜಗತ್ತಿಗೆ ಮೊದಲನೆಯದಾಯಿತು. ಮರುವರ್ಷ ಅಮೆರಿಕದಲ್ಲಿ, ತಡೆಯಲಾಗದ ವೇಗಕ್ಕೆ ಸಿಲುಕಿದ ಅದರ ಕಾರೊಂದರಲ್ಲಿ ನಾಲ್ವರು ಸತ್ತರು. ಲಕ್ಷಾಂತರ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2010ರ ಫೆಬ್ರವರಿ 24ರಂದು ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಬೆಳವಣಿಗೆಯ ವೇಗ ಅತಿಯಾಯಿತು, ಸುರಕ್ಷತೆ, ಗುಣಮಟ್ಟ, ಪ್ರಮಾಣ ಎಂಬ ಆದ್ಯತೆಯ ಕ್ರಮ ಕದಡಿತು ಎಂದು ಒಪ್ಪಿಕೊಂಡರು.

ಅಂದರೆ ದೋಷದ ಬೀಜವಿದ್ದುದು ನಷ್ಟದ ವರ್ಷದಲ್ಲಲ್ಲ. ಎಲ್ಲರೂ ಹೊಗಳಿದ ಗೆಲುವಿನ ವರ್ಷಗಳಲ್ಲಿ. ಜೈನಾಗಮದ ದೃಷ್ಟಿ ಇಲ್ಲಿ ಬಹು ನಿಷ್ಠುರ. ಈರ್ಯಾಸಮಿತಿಯಿಂದ ನೋಡಿ ನಡೆಯುವ ಮುನಿಯ ಕಾಲಡಿಗೆ ಜೀವಿಯೊಂದು ಆಕಸ್ಮಿಕವಾಗಿ ಸತ್ತರೂ ಆತನಿಗೆ ಹಿಂಸಾದೋಷವಿಲ್ಲ. ನೋಡದೆ ನಡೆಯುವವನು ಒಂದು ಇರುವೆಯನ್ನೂ ತುಳಿಯದಿದ್ದರೂ ಹಿಂಸಕನೇ. ದೋಷವನ್ನು ಅಳೆಯುವುದು ಪ್ರಮಾದದಿಂದ, ಫಲದಿಂದಲ್ಲ. ಲೆಕ್ಕಪತ್ರಕ್ಕೆ ಈ ಅಳತೆ ತಿಳಿಯದು. ಎಚ್ಚರದಿಂದ ಕೈಗೊಂಡೂ ಸೋತ ನಿರ್ಣಯಕ್ಕೆ ಶಿಕ್ಷೆ, ಕಣ್ಣುಮುಚ್ಚಿ ಕೈಗೊಂಡು ಗೆದ್ದ ನಿರ್ಣಯಕ್ಕೆ ಬಡ್ತಿ: ಹೀಗೆ ನಡೆಯುವ ಸಂಸ್ಥೆ ತನ್ನವರಿಗೆ ಪ್ರಮಾದವನ್ನೇ ಕಲಿಸುತ್ತದೆ.

ಇನ್ನು ಒಪ್ಪಿಕೊಳ್ಳುವ ಬಗೆ. ಗುರುವಿನ ಮುಂದೆ ಮಾಡುವ ಆಲೋಚನೆಗೆ ಹತ್ತು ದೋಷಗಳನ್ನು ಶಿವಾರ್ಯರ ಭಗವತೀ ಆರಾಧನೆ ಎಣಿಸುತ್ತದೆ. ಅನ್ಯರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳುವುದು ‘ದೃಷ್ಟ’. ಸ್ಥೂಲವಾದುದನ್ನು ಹೇಳಿ ಸೂಕ್ಷ್ಮವನ್ನು ಮುಚ್ಚುವುದು ‘ಬಾದರ’. ಸಾವಿರ ವರ್ಷಗಳಿಗೂ ಹಿಂದಿನ ಈ ಪಟ್ಟಿಯನ್ನು ಇಂದಿನ ಆಡಳಿತಮಂಡಳಿಗಳ ಸಭೆಯಲ್ಲಿ ಓದಿಸಿದರೆ ಹಲವರು ತಲೆ ತಗ್ಗಿಸಬೇಕಾದೀತು. ಟೊಯೋಟಾ ಕೂಡ ಇದಕ್ಕೆ ಹೊರತಾಗಲಿಲ್ಲ. ಸುರಕ್ಷತೆಯ ವಿಷಯದಲ್ಲಿ ಗ್ರಾಹಕರನ್ನು ದಾರಿತಪ್ಪಿಸಿದ್ದನ್ನು ಅದು ಒಪ್ಪಿ, 120 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿದ್ದು 2014ರಲ್ಲಿ, ಅದೂ ಅಮೆರಿಕ ಸರ್ಕಾರದ ತನಿಖೆಯ ಬಳಿಕ.

ಸಂಸತ್ತಿನ ಮುಂದೆ ನಿಂತ ಆ ಫೆಬ್ರವರಿ 24ನ್ನು ಸಂಸ್ಥೆ ‘ಪುನರಾರಂಭದ ದಿನ’ವೆಂದು ಪ್ರತಿವರ್ಷ ನೆನೆಯುತ್ತದೆ. ಸಾಂವತ್ಸರಿಕ ಪ್ರತಿಕ್ರಮಣವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಗೆಲುವಿನ ದಿನವನ್ನು ಬಿಟ್ಟು ತಲೆತಗ್ಗಿಸಿದ ದಿನವನ್ನು ಆಚರಿಸುವುದು ಸಣ್ಣ ಮಾತೂ ಅಲ್ಲ. ಆದರೆ ಪ್ರತಿಕ್ರಮಣದಲ್ಲಿ ದ್ರವ್ಯ, ಭಾವ ಎಂಬ ಭೇದವುಂಟು. ಪಾಠವನ್ನು ನಾಲಗೆ ಒಪ್ಪಿಸಿ ಮನಸ್ಸು ಬೇರೆಡೆ ಇದ್ದರೆ ಅದು ಬರಿಯ ದ್ರವ್ಯಪ್ರತಿಕ್ರಮಣ. 2023ರ ಡಿಸೆಂಬರಿನಲ್ಲಿ, ಟೊಯೋಟಾದ ಪೂರ್ಣ ಒಡೆತನದ ದೈಹಾತ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ಎಸಗಿದ್ದು 64 ಮಾದರಿಗಳಿಗೆ ಸಂಬಂಧಿಸಿದಂತೆ ಬಯಲಾಯಿತು. ಅತ್ಯಂತ ಹಳೆಯ ಪ್ರಕರಣ 1989ರದು. ಸ್ವತಂತ್ರ ತನಿಖಾ ಸಮಿತಿ ಮುಖ್ಯವಾಗಿ ಬೊಟ್ಟುಮಾಡಿದ ಕಾರಣ, ಉಸಿರಾಡಲೂ ಬಿಡದಷ್ಟು ಬಿಗಿಯಾದ ಅಭಿವೃದ್ಧಿಯ ವೇಳಾಪಟ್ಟಿ. ಹದಿಮೂರು ವರ್ಷಗಳ ಹಿಂದೆ ಅಧ್ಯಕ್ಷರು ಒಪ್ಪಿಕೊಂಡಿದ್ದ ಅದೇ ಅವಸರ.