ಜೆರಾಕ್ಸ್ ಅಂಗಡಿ ಮತ್ತು ಲೇಖಕರ ಹಕ್ಕು

ಪರೀಕ್ಷೆ ಹತ್ತಿರ ಬಂದರೆ ನಮ್ಮ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕಳೆದ ತಿಂಗಳು ನಾನೂ ಅಲ್ಲಿ ನಿಂತು, ಗೆಳತಿಯ ಅಕೌಂಟೆನ್ಸಿ ಗೈಡನ್ನು ಮೊದಲಿಂದ ಕೊನೆಯವರೆಗೆ ಜೆರಾಕ್ಸ್ ಮಾಡಿಸಿದೆ. ಮನೆಗೆ ಬಂದು ನೋಡಿದರೆ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲೂ ಜೆರಾಕ್ಸ್ ಆಗಿ ಬಂದಿತ್ತು! ನಾನು ಮಾಡಿದ್ದು ತಪ್ಪೇ?

ಇಂಥದೇ ಪ್ರಶ್ನೆ 2012ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಎದ್ದಿತ್ತು. ಅಲ್ಲಿನ ರಾಮೇಶ್ವರಿ ಫೋಟೋಕಾಪಿ ಅಂಗಡಿಯಲ್ಲಿ, ಪಠ್ಯಕ್ರಮದಲ್ಲಿ ಸೂಚಿಸಿದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ಜೆರಾಕ್ಸ್ ಮಾಡಿ, ಒಟ್ಟಿಗೆ ಹೊಲಿದು ಮಾರುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಆಂಡ್ ಫ್ರಾನ್ಸಿಸ್ ಪ್ರಕಾಶಕರು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದರು. ಪಾಠದ ಸಲುವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಲು 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶವಿದೆ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನು ಹಿಂದಕ್ಕೆ ಪಡೆದರು.

ಈ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಒಂದು ಅಧ್ಯಾಯಕ್ಕಾಗಿ ಸಾವಿರಾರು ರೂಪಾಯಿಯ ಪುಸ್ತಕ ಕೊಳ್ಳಲು ಎಷ್ಟು ಮಂದಿಗೆ ಸಾಧ್ಯ? ಲೇಖಕರ ಹಕ್ಕು ಕೂಡ ಶಾಶ್ವತವಲ್ಲ. ಅವರ ಜೀವಿತಾವಧಿ ಮತ್ತು ಅನಂತರದ 60 ವರ್ಷ ಮುಗಿದರೆ ಪುಸ್ತಕ ಎಲ್ಲರದಾಗುತ್ತದೆ. ಬರೆಯುವವರಿಗೆ ಪ್ರತಿಫಲ ಸಿಗಲಿ, ಓದುವವರಿಗೆ ವಿದ್ಯೆಯೂ ಸಿಗಲಿ ಎಂಬುದೇ ಕಾನೂನಿನ ಉದ್ದೇಶ.

ಆದರೆ ಈ ತೀರ್ಪಿನ ಹಿಂದೆ ನಾನು ಅಡಗಿಕೊಳ್ಳಲಾರೆ. ನಾನು ಮಾಡಿಸಿದ್ದು ಒಂದು ಅಧ್ಯಾಯವಲ್ಲ, ಇಡೀ ಗೈಡು. ಅದನ್ನು ಓದಲು ಯಾವ ಉಪನ್ಯಾಸಕರೂ ಹೇಳಿರಲಿಲ್ಲ. ಅಂಗಡಿಯವರಿಗೆ ಹಣ ಸಿಕ್ಕಿತು, ನನಗೂ ಸ್ವಲ್ಪ ಉಳಿಯಿತು, ಲೆಕ್ಕಗಳನ್ನು ಬಿಡಿಸಿ ಬರೆದವರಿಗೆ ಸೊನ್ನೆ. ಉರ್ದುವಿನ 'ಹಕ್' ಮತ್ತು ಕನ್ನಡದ 'ಹಕ್ಕು' ಒಂದೇ ಪದ. ಇನ್ನೊಬ್ಬರ ಹಕ್ ತಿನ್ನಬಾರದು ಎಂದು ಅಮ್ಮಿ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾರೆ. ಹಣ, ಜಮೀನಿನ ವಿಷಯದಲ್ಲಿ ಅದು ನೆನಪಾಗುತ್ತದೆ, ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸುವಾಗ ನೆನಪಾಗುವುದಿಲ್ಲ.

ಕೊಳ್ಳಲು ಹಣವಿಲ್ಲದವರು ಏನು ಮಾಡಬೇಕು? ಕೊಂಡ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡುವುದನ್ನಾಗಲಿ ಮಾರುವುದನ್ನಾಗಲಿ ಕಾನೂನು ತಡೆಯುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ದ್ವಿತೀಯ ಪಿಯುಸಿಯವರೆಲ್ಲ ತಮ್ಮ ಗೈಡುಗಳನ್ನು ಲೈಬ್ರರಿಗೆ ಕೊಟ್ಟರೆ, ಮುಂದಿನ ವರ್ಷದವರಿಗೆ ಒಂದು ಕಪಾಟು ತುಂಬುತ್ತದೆ. ಇದಕ್ಕೆ ಜಾಗ ಮಾಡಿಕೊಡಬೇಕೆಂದು ಲೈಬ್ರರಿಯನ್ ಅವರಲ್ಲಿ ವಿನಂತಿಸುತ್ತೇನೆ. ನನ್ನ ಪುಸ್ತಕಗಳನ್ನು ನಾನು ಕೊಡುತ್ತೇನೆ. ಅಕೌಂಟೆನ್ಸಿ ಗೈಡನ್ನು ಮಾತ್ರ ಹೊಸದಾಗಿ ಕೊಂಡು ಕೊಡಬೇಕು.