ಪದವಿಯ ಬಳಿಕ ತೆರೆಯಬೇಕಾದ ಗ್ರಂಥ

ಸ್ನಾತಕೋತ್ತರ ಪದವಿ ಮುಗಿಸಿದ ವಿದ್ಯಾರ್ಥಿಗಳು ‘ಇನ್ನು ಇತಿಹಾಸದ ಯಾವ ಗ್ರಂಥವನ್ನು ಓದಬೇಕು?’ ಎಂದು ಕೇಳುವುದುಂಟು. ಹಿರಿಯರ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ: ಮತ್ತೊಂದು ಸಮಗ್ರ ಚರಿತ್ರೆ, ಮತ್ತೊಂದು ಹೊಸ ವ್ಯಾಖ್ಯಾನ. ಈ ಸಲಹೆಯನ್ನು ನಾನು ಒಪ್ಪಲಾರೆ. ಐದು ವರ್ಷ ಅನ್ಯರ ನಿರ್ಣಯಗಳನ್ನೇ ಓದಿದವರಿಗೆ ಆರನೆಯ ವರ್ಷವೂ ನಿರ್ಣಯವನ್ನೇ ಬಡಿಸುವುದೇಕೆ? ಅವರು ತೆರೆಯಬೇಕಾದುದು ಶಾಸನಸಂಪುಟವನ್ನು. ನನ್ನ ಆಯ್ಕೆ ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟ, ಶ್ರವಣಬೆಳಗೊಳದ ಶಾಸನಗಳು. 1889ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದಾಗ ಅದರಲ್ಲಿದ್ದುದು 144 ಶಾಸನಗಳು, 1923ರ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ಅವು 500 ಆದವು.

ಒಂದು ನಿದರ್ಶನ ಸಾಕು: ಒಂದನೆಯ ಬುಕ್ಕರಾಯನ 1368ರ ಶಾಸನ. ‘ವಿಜಯನಗರದ ಅರಸರು ಪರಮತಸಹಿಷ್ಣುಗಳು’ ಎಂಬ ವಾಕ್ಯಕ್ಕೆ ಆಧಾರವಾಗಿ ಅದನ್ನು ಉಲ್ಲೇಖಿಸುವವರು ಒಂದು ಪಕ್ಷ. ಜೈನರ ಮೇಲಾದ ದೌರ್ಜನ್ಯಕ್ಕೆ ಅದನ್ನೇ ಸಾಕ್ಷಿಯಾಗಿ ನಿಲ್ಲಿಸುವವರು ಇನ್ನೊಂದು ಪಕ್ಷ. ಶಾಸನವನ್ನು ಪೂರ್ತಿಯಾಗಿ ಓದಿದವರಿಗೆ ಎರಡೂ ಅರೆಸತ್ಯವೆಂದು ತಿಳಿಯುತ್ತದೆ.

ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಆನೆಗೊಂದಿ, ಪೆನುಗೊಂಡೆ ಮುಂತಾದೆಡೆಯ ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಶ್ರೀವೈಷ್ಣವ ಆಚಾರ್ಯರೆದುರು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಸಲ್ಲುವುದೆಂದು ವಿಧಿಸಿದನು. ಇದಿಷ್ಟು ಪಠ್ಯಪುಸ್ತಕಗಳಿಗೂ ಗೊತ್ತು. ಆದರೆ ಶಾಸನ ಇಲ್ಲಿಗೆ ಮುಗಿಯುವುದಿಲ್ಲ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ರಕ್ಷಣೆ ದೊರೆಯಿತು, ಅದರ ವೆಚ್ಚವನ್ನು ರಕ್ಷಿತರೇ ತೆತ್ತರು. ಇದನ್ನು ಸಹಿಷ್ಣುತೆಯೆನ್ನಬೇಕೆ, ದಮನವೆನ್ನಬೇಕೆ? ಎರಡು ಪದಗಳೂ ಇಲ್ಲಿ ಸಾಲವು.

ಶಾಸನದ ಕೊನೆಯಲ್ಲಿ ಕಲ್ಲೆಹದ ಬುಸುವಿಸೆಟ್ಟಿ ಎಂಬುವನ ಹೆಸರಿದೆ. ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿದವನು ಅವನು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಸಂಗ್ರಹ ಚರಿತ್ರೆಗಳಲ್ಲಿ ಅರಸನು ಉಳಿದನು, ಸೆಟ್ಟಿ ಅಳಿದನು. ಯಾರನ್ನು ಅಳಿಸಲಾಗಿದೆ ಎಂಬುದು ಸಂಗ್ರಹವನ್ನಷ್ಟೇ ಓದುವವರಿಗೆ ಎಂದಿಗೂ ತಿಳಿಯದು.

‘ಹಿನ್ನೆಲೆಯಿಲ್ಲದೆ ಶಾಸನ ಅರ್ಥವಾದೀತೆ?’ ಎಂಬ ಆಕ್ಷೇಪ ನ್ಯಾಯವಾದುದೇ. ಬಿ. ಎ. ಸಾಲೆತೊರೆಯವರ 1938ರ ಗ್ರಂಥವನ್ನೂ ಪಿ. ಬಿ. ದೇಸಾಯಿಯವರ 1957ರ ಗ್ರಂಥವನ್ನೂ ಅವಶ್ಯ ಓದಬೇಕು. ಆದರೆ ಸಂಪುಟವನ್ನು ಮಗ್ಗುಲಲ್ಲಿ ತೆರೆದಿಟ್ಟುಕೊಂಡು, ಅವರ ಪ್ರತಿಯೊಂದು ಮಾತನ್ನೂ ಮೂಲದೊಡನೆ ತಾಳೆ ನೋಡುತ್ತ.

ಈ ಮಾತು ನಮ್ಮವರಿಗೂ ಅನ್ವಯಿಸುತ್ತದೆ. ಗಂಗ–ರಾಷ್ಟ್ರಕೂಟರ ವೈಭವವನ್ನು ಕೊಂಡಾಡಿ, 1368ಕ್ಕೆ ಬಂದೊಡನೆ ಕಣ್ಣೀರು ಹಾಕಿ ಪುಸ್ತಕ ಮುಚ್ಚುವ ಜೈನ ಲೇಖಕರೂ ಅರ್ಧವನ್ನೇ ಓದಿದವರು. ಅನೇಕಾಂತವನ್ನು ವೇದಿಕೆಯ ಮೇಲೆ ಹೊಗಳುವ ನಾವು ಅದನ್ನು ಮೊದಲು ಓದಿನಲ್ಲಿ ಪಾಲಿಸೋಣ. ಪದವಿ ಪಡೆದವರು ಗ್ರಂಥಾಲಯಕ್ಕೆ ಹೋಗಿ ಆ ಸಂಪುಟವನ್ನು ಕೇಳಲಿ. ಇತಿಹಾಸದ ಅಧ್ಯಯನ ಅಲ್ಲಿಂದ ಆರಂಭವಾಗುತ್ತದೆ.