ಪರದೆಯ ಪಾಠ, ಬೀಗ ಬಿದ್ದ ಶಾಲೆ

ಮಹಿಳೆಯರಿಗೆಂದೇ ಒಂದು ವಾಹಿನಿ ಎಂದೊಡನೆ ನಮಗೆ ನೆನಪಾಗುವುದು ಅತ್ತೆ-ಸೊಸೆಯರ ಧಾರಾವಾಹಿ, ಅಡುಗೆ, ಒಡವೆಯ ಜಾಹೀರಾತು. 2024ರ ಮಾರ್ಚ್ 8ರಂದು ಪ್ಯಾರಿಸ್‌ನಿಂದ ಪ್ರಸಾರ ಆರಂಭಿಸಿದ ‘ಬೇಗಂ ಟಿವಿ’ಯ ಉದ್ದೇಶವೇ ಬೇರೆ. ಆರನೇ ತರಗತಿಯಾಚೆಗೆ ಶಾಲೆ ನಿಷಿದ್ಧವಾಗಿರುವ ಅಫ್ಘಾನಿಸ್ತಾನದ ಹೆಣ್ಣುಮಕ್ಕಳಿಗೆ ಉಪಗ್ರಹದ ಮೂಲಕ ಪಾಠ ತಲುಪಿಸಲು ಅದು ಹೊರಟಿತು. ಸ್ಥಾಪಕಿ ಹಮೀದಾ ಅಮನ್ ಹೊರನೆಲವನ್ನು ಆಯ್ದುಕೊಂಡದ್ದು ವಿನಾಕಾರಣವಲ್ಲ. ಮಹಿಳೆಯರೇ ಬಹುಮಟ್ಟಿಗೆ ನಡೆಸುತ್ತಿದ್ದ ‘ಝನ್ ಟಿವಿ’ 2017ರಲ್ಲಿ ಕಾಬೂಲಿನಲ್ಲೇ ಹುಟ್ಟಿತ್ತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮರಳಿದ ಬಳಿಕ ಮುಚ್ಚಿಹೋಯಿತು. ಅಮನ್ ಅವರದೇ ‘ರೇಡಿಯೊ ಬೇಗಂ’ ಮೇಲೂ 2025ರ ಫೆಬ್ರುವರಿಯಲ್ಲಿ ದಾಳಿ ನಡೆದು, ಕೆಲಕಾಲ ಪ್ರಸಾರ ನಿಂತಿತು. ವಿದೇಶಿ ವಾಹಿನಿಗೆ ಕಾರ್ಯಕ್ರಮ ಒದಗಿಸಿದ್ದೂ ಅದರ ಮೇಲಿನ ಆರೋಪ!

ಇಂಥ ಸಾಹಸವನ್ನು ಮೆಚ್ಚದವರಾರು? ಆದರೆ ಈ ಮೆಚ್ಚುಗೆಯಲ್ಲಿ ಜಗತ್ತು ಮೈಮರೆಯುವ ಅಪಾಯವೂ ಇದೆ. ಪರದೆ ಪಾಠ ಹೇಳೀತು. ತಪ್ಪು ತಿದ್ದದು, ಅಂಕಪಟ್ಟಿ ಕೊಡದು, ಪಕ್ಕದಲ್ಲೊಬ್ಬ ಗೆಳತಿಯನ್ನು ಕೂರಿಸದು. 2020ರ ಕೋವಿಡ್ ದಿನಗಳಲ್ಲಿ ಚಂದನ ವಾಹಿನಿಯಲ್ಲಿ ಪಾಠ ಕೇಳಿದ ನಮ್ಮ ಮಕ್ಕಳಿಗೆ ಮರಳಲು ಶಾಲೆಯಿತ್ತು. ಕಾಬೂಲಿನ ಹುಡುಗಿ ಟಿವಿ ಮುಂದೆ ಕುಳಿತೇ ಹನ್ನೆರಡನೆಯ ತರಗತಿಯ ಪಾಠ ಮುಗಿಸಿದರೂ, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲನ್ನೂ ಅವಳಿಗೆ ಮುಚ್ಚಲಾಗಿದೆ.